ಆಗದಿದ್ದುದಕ್ಕೆ ಕಾರಣ

ಆದ ಕೆಲಸಕ್ಕೆ ಕಾರಣ ಹೇಳುವುದು ಅಷ್ಟೇನೂ ಕಷ್ಟವಲ್ಲ. ಮಡಕೆಗೆ ಮಣ್ಣುಂಟು, ಕುಂಬಾರನುಂಟು, ತಿಗರಿಯುಂಟು, ಕೋಲುಂಟು. ಆಗಬೇಕಿದ್ದು ಆಗದೇ ಹೋದ ಕೆಲಸದ ಕಾರಣ ಎಲ್ಲಿದೆ ಎಂದು ಕೇಳಿದರೆ ಮಾತ್ರ ಭಾರತೀಯ ದರ್ಶನಗಳು ಎರಡು ಪಕ್ಷವಾಗುತ್ತವೆ. ಈ ವಾದದ ಮಾಮೂಲಿ ದೃಷ್ಟಾಂತ ಬೆಂಕಿ ಮತ್ತು ಮಣಿಯದು. ಬೆಂಕಿಯಿದೆ, ಒಣಹುಲ್ಲಿದೆ, ಎರಡೂ ತಾಗಿವೆ. ಆದರೆ ಪಕ್ಕದಲ್ಲಿ ಚಂದ್ರಕಾಂತ ಮಣಿಯನ್ನು ಇಟ್ಟಿರುವುದರಿಂದ ಹುಲ್ಲು ಸುಡುವುದಿಲ್ಲ. ಮಣಿಯನ್ನು ತೆಗೆದ ಕೂಡಲೇ ಸುಡುತ್ತದೆ. ಬೆಂಕಿಯೊಳಗೆ ಕಣ್ಣಿಗೆ ಕಾಣದ ದಾಹಕ ಶಕ್ತಿಯೊಂದಿದೆ, ಮಣಿ ಅದನ್ನು ಇಲ್ಲವಾಗಿಸಿತು ಎಂಬುದು ಮೀಮಾಂಸಕರ ಉತ್ತರ. ಬೆಂಕಿಗೆ ಏನೂ ಆಗಿಲ್ಲ, ಸುಡುವುದಕ್ಕೆ ಬೇಕಾದ ಕಾರಣಗಳ ಸಾಮಗ್ರಿಯಲ್ಲಿ ಮಣಿ ಇಲ್ಲದಿರುವುದೂ ಒಂದು, ಅದೀಗ ತಪ್ಪಿದೆ ಎಂಬುದು ನೈಯಾಯಿಕರ ಉತ್ತರ.

ಸುಡುವುದನ್ನು ತಡೆಯುವ ಮಣಿ ಯಾರ ಕೈಗೂ ಸಿಕ್ಕಿದ್ದಿಲ್ಲ. ಹಾಗಾಗಿ ಈ ವಾದ ಶತಮಾನಗಳ ಕಾಲ ಲಾಘವ, ಗೌರವಗಳ ತೂಕದಲ್ಲೇ ನಡೆಯಿತು: ಯಾರು ಕಡಿಮೆ ಸಂಗತಿಗಳನ್ನು ಕಲ್ಪಿಸಿಕೊಂಡು ಹೆಚ್ಚು ವಿವರಿಸುತ್ತಾರೆ ಎಂಬ ಲೆಕ್ಕ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಇದೇ ಪ್ರಶ್ನೆ ದಿನನಿತ್ಯ ಏಳುತ್ತದೆ. ಅಲ್ಲಿ ಬೆಂಕಿಯನ್ನೂ ಮಣಿಯನ್ನೂ ಬಿಚ್ಚಿ ನೋಡಬಹುದು. ತಾನಾಗಿ ಲೋಡ್ ಆಗಬೇಕಿದ್ದ ಕರ್ನಲ್ ಮಾಡ್ಯೂಲ್ ಲೋಡ್ ಆಗದೇ ಉಳಿಯುವುದೇ ಆ ಪ್ರಸಂಗ.

ಕರ್ನಲ್ ಎಂದರೆ ಯಂತ್ರಾಂಶಕ್ಕೂ ಉಳಿದ ತಂತ್ರಾಂಶಕ್ಕೂ ನಡುವೆ ನಿಂತು ಎರಡನ್ನೂ ನಡೆಸುವ ತಿರುಳು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಲಿನಕ್ಸ್ ಕರ್ನಲ್ಲಿನ ಮೊದಲ ಆವೃತ್ತಿಯನ್ನು ಹೊರಬಿಟ್ಟರು. ಜಗತ್ತಿನ ಎಲ್ಲ ಸಾಧನಗಳ ಚಾಲಕಗಳನ್ನೂ ಒಂದೇ ತಿರುಳಿನಲ್ಲಿ ತುಂಬಿದರೆ ಅದು ಬೃಹತ್ತಾಗುತ್ತದೆ. ಆದ್ದರಿಂದ ಬಹುಪಾಲು ಚಾಲಕಗಳು ಡಿಸ್ಕಿನಲ್ಲಿ ಬೇರೆ ಬೇರೆ ಕಡತಗಳಾಗಿ ಕಾಯುತ್ತವೆ. ಬೇಕಾದಾಗ ಮಾತ್ರ ಕರ್ನಲ್ಲಿಗೆ ಸೇರಿಕೊಳ್ಳುತ್ತವೆ. ಇವೇ ಮಾಡ್ಯೂಲುಗಳು. ಒಂದೊಂದು ಕರ್ನಲ್ ಆವೃತ್ತಿಗೂ ಅದರದೇ ಮಾಡ್ಯೂಲುಗಳ ಕೋಶವಿರುತ್ತದೆ.

ತಾನಾಗಿ ಎಂಬ ಮಾತಿನ ಹಿಂದೆ ಉದ್ದದ ಸರಪಳಿಯಿದೆ. ಪಿಸಿಐ ಅಥವಾ ಯುಎಸ್‌ಬಿ ಸಾಧನ ಕರ್ನಲ್ಲಿಗೆ ಕಂಡಾಗ ಅದು ತನ್ನ ತಯಾರಕನ ಸಂಖ್ಯೆ, ಮಾದರಿಯ ಸಂಖ್ಯೆ, ವರ್ಗ ಮುಂತಾದವನ್ನು ತಿಳಿಸುತ್ತದೆ. ಇಂಟೆಲ್ ಕಂಪನಿಯ ಪಿಸಿಐ ಗುರುತು 8086. ಆ ಕಂಪನಿ 1978ರಲ್ಲಿ ತಂದ ಪ್ರಸಿದ್ಧ ಪ್ರೊಸೆಸರಿನ ಹೆಸರೂ ಅದೇ. ಈ ಸಂಖ್ಯೆಗಳನ್ನೆಲ್ಲ ಪೋಣಿಸಿ ಕರ್ನಲ್ ಮಾಡ್‌ಅಲಿಯಾಸ್ ಎಂಬ ಒಂದು ಸಾಲನ್ನು ಕಟ್ಟಿ, ಹೊಸ ಸಾಧನ ಬಂದಿದೆಯೆಂದು ಘೋಷಿಸುತ್ತದೆ. ಹೊರಗೆ ಕಿವಿಗೊಟ್ಟು ಕುಳಿತಿರುವ ಯುಡೆವ್ ಎಂಬ ಸೇವೆ ಆ ಘೋಷಣೆಯನ್ನು ಹಿಡಿದು, ಯಾವ ಗುರುತಿಗೆ ಯಾವ ಮಾಡ್ಯೂಲ್ ಎಂಬ ಪಟ್ಟಿಯಲ್ಲಿ ಹುಡುಕುತ್ತದೆ. ಪಟ್ಟಿಯನ್ನು ಮೊದಲೇ ತಯಾರಿಸಿಟ್ಟಿರುವುದು ಡೆಪ್‌ಮಾಡ್ ಎಂಬ ಉಪಕರಣ. ತಾನು ಯಾವ ಯಾವ ಸಾಧನಗಳನ್ನು ನಡೆಸಬಲ್ಲೆ ಎಂದು ಮಾಡ್ಯೂಲೇ ತನ್ನೊಳಗೆ ಬರೆದುಕೊಂಡಿರುತ್ತದೆ, ಡೆಪ್‌ಮಾಡ್ ಅದನ್ನು ಓದಿ ಪಟ್ಟಿ ಮಾಡುತ್ತದೆ. ಗುರುತು ಹೊಂದಿದರೆ ಆ ಮಾಡ್ಯೂಲನ್ನೂ ಅದು ಅವಲಂಬಿಸಿರುವ ಇತರ ಮಾಡ್ಯೂಲುಗಳನ್ನೂ ಕ್ರಮವಾಗಿ ಕರ್ನಲ್ಲಿಗೆ ಸೇರಿಸಲಾಗುತ್ತದೆ. ಘೋಷಣೆ, ಹುಡುಕಾಟ, ಹೊಂದಾಣಿಕೆ, ಸೇರ್ಪಡೆ: ಇವುಗಳಲ್ಲಿ ಒಂದು ಕೊಂಡಿ ಕಳಚಿದರೂ ಪರದೆಯ ಮೇಲೆ ಕಾಣುವುದು ಒಂದೇ. ಏನೂ ಆಗಿಲ್ಲ ಎಂಬುದು.

ಆ 'ಏನೂ ಆಗಿಲ್ಲ' ಎಂಬುದು ತಿಳಿಯುವುದಾದರೂ ಹೇಗೆ? ಇಲ್ಲದ ವಸ್ತುವನ್ನು ಯಾವ ಪ್ರಮಾಣದಿಂದ ಅರಿಯುತ್ತೇವೆ ಎಂಬ ಪ್ರಶ್ನೆಗೆ ಮೀಮಾಂಸಕರಲ್ಲಿ ಕುಮಾರಿಲ ಭಟ್ಟನ ಸಂಪ್ರದಾಯ ಅನುಪಲಬ್ಧಿ ಎಂಬ ಆರನೆಯ ಪ್ರಮಾಣವನ್ನೇ ಒಪ್ಪಿತು. ಪ್ರಭಾಕರನ ಅನುಯಾಯಿಗಳು ಅದನ್ನು ಒಪ್ಪಲಿಲ್ಲ. ನೈಯಾಯಿಕರು ಅಭಾವವನ್ನು ಪ್ರತ್ಯಕ್ಷದಿಂದಲೇ ತಿಳಿಯುತ್ತೇವೆಂದರು. ಇವರ ನಡುವೆ ಏನೇ ಭಿನ್ನಾಭಿಪ್ರಾಯವಿದ್ದರೂ ಒಂದು ಷರತ್ತು ಕುಮಾರಿಲನ ಅನುಯಾಯಿಗಳಾದ ಭಾಟ್ಟರಿಗೂ ನೈಯಾಯಿಕರಿಗೂ ಸಮಾನ: ಕಾಣದಿರುವುದೆಲ್ಲ ಇಲ್ಲದಿರುವುದಕ್ಕೆ ಸಾಕ್ಷಿಯಲ್ಲ. ಇದ್ದಿದ್ದರೆ ಕಂಡೇ ಕಾಣುತ್ತಿತ್ತು ಎನ್ನುವಂಥ ಯೋಗ್ಯ ವಸ್ತು ಕಾಣದಿದ್ದಾಗ ಮಾತ್ರ ಅದು ಇಲ್ಲವೆನ್ನಬಹುದು. ಬೆಳಕಿರುವ ನೆಲದ ಮೇಲೆ ಮಡಕೆ ಕಾಣದಿದ್ದರೆ ಮಡಕೆಯಿಲ್ಲ. ಅದೇ ನೆಲದ ಮೇಲೆ ಪಿಶಾಚಿ ಕಾಣದಿದ್ದರೆ ಪಿಶಾಚಿಯಿಲ್ಲವೆಂದು ಸಿದ್ಧವಾಗುವುದಿಲ್ಲ, ಏಕೆಂದರೆ ಇದ್ದರೂ ಅದು ಕಾಣುವಂಥದಲ್ಲ.

ಮಾಡ್ಯೂಲಿನ ದೋಷ ಹುಡುಕುವವರು ಮೊದಲಿಗೆ ಎಡವುವುದು ಇಲ್ಲಿಯೇ. ಲೋಡ್ ಆಗಿರುವ ಮಾಡ್ಯೂಲುಗಳನ್ನು ತೋರಿಸುವ ಎಲ್‌ಎಸ್‌ಮಾಡ್ ಎಂಬ ಆಜ್ಞೆಯ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಮಾಡ್ಯೂಲ್ ಲೋಡ್ ಆಗಿಲ್ಲವೆಂದು ತೀರ್ಮಾನಿಸಿಬಿಡುತ್ತಾರೆ. ಆದರೆ ಕರ್ನಲ್ ಕಟ್ಟುವಾಗಲೇ ತಿರುಳಿನಲ್ಲಿ ಬೆಸೆದುಹೋದ ಚಾಲಕ ಆ ಪಟ್ಟಿಯಲ್ಲಿ ಎಂದೂ ಬರುವುದಿಲ್ಲ. ಅದು ಕೆಲಸ ಮಾಡುತ್ತಲೇ ಇರುತ್ತದೆ, ಪಟ್ಟಿಯಲ್ಲಿ ಮಾತ್ರ ಇರುವುದಿಲ್ಲ. ಆ ಪಟ್ಟಿಯ ಮಟ್ಟಿಗೆ ಅದು ಪಿಶಾಚಿಯ ಹಾಗೆ ಅಯೋಗ್ಯ ವಸ್ತು. ಬೆಸೆದ ಚಾಲಕಗಳ ಪಟ್ಟಿ ಮಾಡ್ಯೂಲುಗಳ ಕೋಶದಲ್ಲಿಯೇ ಬೇರೊಂದು ಕಡತದಲ್ಲಿರುತ್ತದೆ. ಅದನ್ನೂ ನೋಡಿ ಅಲ್ಲಿಯೂ ಹೆಸರಿಲ್ಲವೆಂದಾಗ ಮಾತ್ರ ಅನುಪಲಬ್ಧಿಗೆ ಪ್ರಮಾಣದ ಬಲ ಬರುತ್ತದೆ. ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು. ವೈಫೈ ನಡೆಯುತ್ತಿಲ್ಲವೆಂದು ಮಾಡ್ಯೂಲನ್ನು ದೂರುತ್ತಾರೆ. ಪಟ್ಟಿಯಲ್ಲಿ ಅದು ನೆಟ್ಟಗೆ ಕುಳಿತಿರುತ್ತದೆ, ಇಲ್ಲದಿರುವುದು ಸಾಧನಕ್ಕೆ ಕೊಡಬೇಕಾದ ಫರ್ಮ್‌ವೇರ್ ಕಡತ. ಯಾವುದರ ಅಭಾವ ಎಂಬುದು ಗೊತ್ತಿಲ್ಲದೆ ಅಭಾವ ಗೊತ್ತಾಗುವುದಿಲ್ಲ. ಶಾಸ್ತ್ರದ ಮಾತಿನಲ್ಲಿ ಅಭಾವಕ್ಕೆ ಪ್ರತಿಯೋಗಿ ಬೇಕು.

ಇಲ್ಲ ಎಂದು ಖಚಿತವಾದ ಮೇಲೆ ಎಂಥ ಇಲ್ಲ ಎಂಬ ಪ್ರಶ್ನೆ. ನ್ಯಾಯ ಮತ್ತು ವೈಶೇಷಿಕ ದರ್ಶನಗಳು ಅಭಾವವನ್ನು ನಾಲ್ಕಾಗಿ ವಿಂಗಡಿಸುತ್ತವೆ. ಈ ವಿಂಗಡಣೆ ಪಾಠಶಾಲೆಯ ಬಾಯಿಪಾಠದಂತೆ ಕಂಡರೂ ಇಲ್ಲಿ ಪ್ರಯೋಜನಕ್ಕೆ ಬರುತ್ತದೆ. ಹುಟ್ಟುವುದಕ್ಕೆ ಮುಂಚಿನ ಇಲ್ಲದಿರುವಿಕೆ ಪ್ರಾಗಭಾವ: ಮಾಡ್ಯೂಲ್ ಇದೆ, ಕರೆಯಷ್ಟೇ ಇನ್ನೂ ಬಂದಿಲ್ಲ. ಬಹಳಷ್ಟು ದೂರುಗಳು ಈ ಬಗೆಯವು. ಕೆಲವು ಮಾಡ್ಯೂಲುಗಳನ್ನು ಯಾವ ಸಾಧನವೂ ಕರೆಯುವುದಿಲ್ಲ. ಚಿಪ್ಪುಗಳ ನಡುವೆ ಮಾಹಿತಿ ಸಾಗಿಸುವ ಐ2ಸಿ ಬಸ್ಸನ್ನು ಸಾಮಾನ್ಯ ಪ್ರೋಗ್ರಾಮುಗಳಿಗೆ ತೆರೆದಿಡುವ ಐ2ಸಿ-ಡೆವ್ ಅಂಥದು. ಅದು ತಾನಾಗಿ ಬರಲಿಲ್ಲವೆಂದರೆ ಯಾವ ಅಡ್ಡಿಯೂ ಇಲ್ಲ, ಬರಲು ಕಾರಣವೇ ಇರಲಿಲ್ಲ. ಬೂಟ್ ಆಗುವಾಗ ಲೋಡ್ ಮಾಡಬೇಕಾದವುಗಳ ಪಟ್ಟಿಗೆ ಅದರ ಹೆಸರನ್ನು ಸೇರಿಸಿದರೆ ಮುಗಿಯಿತು. ಪಟ್ಟಿಯ ಕಡತದ ಹೆಸರು ಕಾನ್ಫ್ ಎಂಬ ವಿಸ್ತರಣೆಯಿಂದ ಮುಗಿಯದಿದ್ದರೆ, ಬೂಟ್ ಆಗುವಾಗ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಅದನ್ನು ಓದುವುದೇ ಇಲ್ಲ, ಓದಲಿಲ್ಲವೆಂದು ಹೇಳುವುದೂ ಇಲ್ಲ.

ಇದ್ದು ನಾಶವಾದುದರ ಅಭಾವ ಪ್ರಧ್ವಂಸ. ಆರ್ಚ್ ಲಿನಕ್ಸ್ ಎಂಬ ವಿತರಣೆಯಲ್ಲಿ ಕರ್ನಲ್ಲನ್ನು ನವೀಕರಿಸಿ ಯಂತ್ರವನ್ನು ಮರಳಿ ಬೂಟ್ ಮಾಡದಿದ್ದರೆ, ಓಡುತ್ತಿರುವ ಹಳೆಯ ಕರ್ನಲ್ಲಿನ ಮಾಡ್ಯೂಲುಗಳ ಕೋಶ ಅಳಿಸಿಹೋಗಿರುತ್ತದೆ. ಆಗ ಪೆನ್‌ಡ್ರೈವ್ ಸಿಕ್ಕಿಸಿದರೂ ಅದರ ಚಾಲಕ ಬರುವುದಿಲ್ಲ. ಬೆಳಿಗ್ಗೆ ಬರುತ್ತಿತ್ತು, ಮಧ್ಯಾಹ್ನ ಬರುತ್ತಿಲ್ಲ. ಅತ್ಯಂತಾಭಾವವೆಂದರೆ ಒಂದು ಆಶ್ರಯದಲ್ಲಿ ಎಂದೂ ಇಲ್ಲದಿರುವುದು. ಹೊರಗಿನ ಮೂಲದಿಂದ ತಂದ ಚಾಲಕವನ್ನು ಹೊಸ ಕರ್ನಲ್ಲಿಗೆಂದು ಕಟ್ಟಿಯೇ ಇಲ್ಲದಿದ್ದರೆ ಹೀಗಾಗುತ್ತದೆ. ಡಿಕೆಎಂಎಸ್ ಎಂಬ ವ್ಯವಸ್ಥೆ ಪ್ರತಿ ಹೊಸ ಕರ್ನಲ್ಲಿಗೂ ಅಂಥ ಮಾಡ್ಯೂಲನ್ನು ಮತ್ತೆ ಕಟ್ಟುತ್ತದೆ, ಆದರೆ ಕರ್ನಲ್ಲಿನ ಹೆಡರ್ ಕಡತಗಳಿಲ್ಲದಿದ್ದರೆ ಅದೂ ಸೋಲುತ್ತದೆ. ಹಳೆಯ ಕರ್ನಲ್ಲಿಗೆ ಕಟ್ಟಿದ ಕಡತವನ್ನೇ ಎತ್ತಿ ತಂದು ಹಾಕಿದರೆ ಅದರಲ್ಲಿರುವ ಆವೃತ್ತಿಯ ಮುದ್ರೆ ಹೊಂದದೆ ಕರ್ನಲ್ ಅದನ್ನು ತಿರಸ್ಕರಿಸುತ್ತದೆ. ನಾಲ್ಕನೆಯದು ಅನ್ಯೋನ್ಯಾಭಾವ, ಇದು ಅದಲ್ಲ ಎಂಬ ಭೇದ. ಎನ್‌ವಿಡಿಯಾ ಗ್ರಾಫಿಕ್ಸ್ ಕಾರ್ಡಿಗೆ ಕಂಪನಿಯ ಚಾಲಕ ಬರಬೇಕಿದ್ದ ಜಾಗವನ್ನು ಮುಕ್ತ ತಂತ್ರಾಂಶದ ನೂವೋ ಮೊದಲೇ ಹಿಡಿದಿದ್ದರೆ, ಅಲ್ಲಿ ಒಂದು ಮಾಡ್ಯೂಲಿದೆ, ಬೇಕಾದದ್ದು ಮಾತ್ರ ಅದಲ್ಲ. ಈ ನಾಲ್ಕಕ್ಕೂ ಪರಿಹಾರ ಬೇರೆ ಬೇರೆ. ಎಲ್ಲವನ್ನೂ ಲೋಡ್ ಆಗುತ್ತಿಲ್ಲ ಎಂಬ ಒಂದೇ ಮಾತಿನಲ್ಲಿ ಕಟ್ಟಿಟ್ಟರೆ ಹುಡುಕಾಟ ಕುರುಡಾಗುತ್ತದೆ.

ಮಣಿಯ ಪ್ರಶ್ನೆ ನಿಜವಾಗಿ ಏಳುವುದು ಇವೆಲ್ಲ ಸರಿಯಿದ್ದೂ ಮಾಡ್ಯೂಲ್ ಬಾರದಿದ್ದಾಗ. ಕಡತವಿದೆ, ಆವೃತ್ತಿ ಹೊಂದುತ್ತದೆ, ಸಾಧನ ಕೂಗಿದೆ, ಪಟ್ಟಿಯಲ್ಲಿ ಗುರುತಿದೆ. ಆದರೂ ಇಲ್ಲ. ಸಾಮಾನ್ಯವಾಗಿ ಇದಕ್ಕೆ ಕಾರಣ, ಮಾಡ್ಯೂಲುಗಳನ್ನು ಕರ್ನಲ್ಲಿಗೆ ಸೇರಿಸುವ ಮಾಡ್‌ಪ್ರೋಬ್ ಉಪಕರಣದ ಸಂಯೋಜನಾ ಕಡತಗಳಲ್ಲಿ ಎಲ್ಲಿಯೋ ಇರುವ ಬ್ಲ್ಯಾಕ್‌ಲಿಸ್ಟ್ ಎಂಬ ಒಂದು ಸಾಲು. ಉಬುಂಟು ಎಂಬ ಲಿನಕ್ಸ್ ವಿತರಣೆಯಲ್ಲಿ ಕಂಪ್ಯೂಟರಿನ ಒಳಗಿನ ಬೀಪ್ ಸದ್ದಿನ ಚಾಲಕ ಪಿಸಿಎಸ್‌ಪಿಕೆಆರ್ ಹೀಗೆ ಬಹಿಷ್ಕಾರದ ಪಟ್ಟಿಯಲ್ಲಿಯೇ ಬರುತ್ತದೆ.

ಈ ಸಾಲು ಮಾಡ್ಯೂಲಿಗೆ ಏನು ಮಾಡುತ್ತದೆ? ಏನನ್ನೂ ಮಾಡುವುದಿಲ್ಲ. ಸಾಲು ಸೇರಿಸುವ ಮುಂಚೆಯೂ ಸೇರಿಸಿದ ಮೇಲೆಯೂ ಮಾಡ್ಯೂಲಿನ ಕಡತದ ಚೆಕ್‌ಸಮ್ ತೆಗೆದು ನೋಡಿದರೆ ಒಂದು ಬಿಟ್ಟಿನ ವ್ಯತ್ಯಾಸವೂ ಇಲ್ಲ. ಯಾವ ಶಕ್ತಿಯೂ ಒಳಗಿಂದ ಸೋರಿಹೋಗಿಲ್ಲ, ಸಾಲನ್ನು ಅಳಿಸಿದಾಗ ಹೊಸ ಶಕ್ತಿ ಹುಟ್ಟಿ ಬರುವುದೂ ಇಲ್ಲ. ಮೀಮಾಂಸಕರ ಪಕ್ಷ ಹಿಡಿದರೆ ಮಣಿ ಬಂದಾಗಲೆಲ್ಲ ಒಂದು ಶಕ್ತಿ ನಾಶವಾಗಬೇಕು, ಹೋದಾಗಲೆಲ್ಲ ಇನ್ನೊಂದು ಹುಟ್ಟಬೇಕು. ಹೀಗೆ ಲೆಕ್ಕವಿಲ್ಲದ ಶಕ್ತಿಗಳನ್ನೂ ಅವುಗಳ ನಾಶಗಳನ್ನೂ ಕಲ್ಪಿಸಬೇಕಾಗುತ್ತದೆ ಎಂದು ನವ್ಯನ್ಯಾಯದ ಗ್ರಂಥಗಳು ಆಕ್ಷೇಪಿಸುತ್ತವೆ. ಬ್ಲ್ಯಾಕ್‌ಲಿಸ್ಟಿನ ಮಟ್ಟಿಗೆ ಈ ಆಕ್ಷೇಪ ಗೆಲ್ಲುತ್ತದೆ. ಭಾವಪದಾರ್ಥ ಹೇಗೆ ಕಾರಣವಾಗಬಲ್ಲದೋ ಅಭಾವವೂ ಹಾಗೆಯೇ ಆಗಬಲ್ಲದು ಎಂಬುದು ನೈಯಾಯಿಕ ಉದಯನಾಚಾರ್ಯನ ನಿಲುವು. ಪ್ರತಿಬಂಧವೆಂದರೆ ಸಾಮಗ್ರಿಯ ಕೊರತೆ, ಅಷ್ಟೇ. ಈಶ್ವರನ ಅಸ್ತಿತ್ವವನ್ನು ಸಾಧಿಸಲೆಂದು ಬರೆದ 'ನ್ಯಾಯಕುಸುಮಾಂಜಲಿ'ಯಲ್ಲಿ ಆತ ಈ ಚರ್ಚೆಗೆ ಇಳಿದದ್ದು ಸುಮ್ಮನೆ ಅಲ್ಲ. ವಸ್ತುಗಳಲ್ಲಿಯೇ ಅಗೋಚರ ಶಕ್ತಿಗಳಿವೆಯೆಂದು ಬಿಟ್ಟುಕೊಟ್ಟರೆ ಕರ್ಮಫಲವನ್ನೂ ಆ ಶಕ್ತಿಗಳ ತಲೆಗೆ ಕಟ್ಟಬಹುದು. ಪುಣ್ಯಪಾಪಗಳ ಅದೃಷ್ಟ ಜೀವಾತ್ಮನಲ್ಲಿದೆ ಎಂಬ ಮಾತು ಸಡಿಲವಾಗುತ್ತದೆ. ಹುಲ್ಲು ಸುಡದ ಪ್ರಶ್ನೆಯ ಹಿಂದೆ ಇಷ್ಟು ದೊಡ್ಡ ಪಣವಿತ್ತು. ಎಲ್ಲ ಕಾರ್ಯಗಳಿಗೂ ಸಾಧಾರಣವಾದ ಕಾರಣಗಳು ಈಶ್ವರ, ಕಾಲ, ಅದೃಷ್ಟ, ಪ್ರಾಗಭಾವ ಮುಂತಾಗಿ ಎಂಟು ಎಂದು ಎಣಿಸಿ, ಪ್ರತಿಬಂಧಕಾಭಾವವನ್ನು, ಎಂದರೆ ಅಡ್ಡಿ ಇಲ್ಲದಿರುವುದನ್ನು, ಒಂಬತ್ತನೆಯದಾಗಿ ಸೇರಿಸಿದವರೂ ಉಂಟು.

ಮೀಮಾಂಸಕರು ಇಷ್ಟಕ್ಕೆ ಸುಮ್ಮನಾಗಲಿಲ್ಲ. ಮಣಿಯ ಪಕ್ಕದಲ್ಲಿಯೇ ಉತ್ತೇಜಕವೆಂಬ ಇನ್ನೊಂದು ಮಣಿಯನ್ನಿಟ್ಟರೆ ಬೆಂಕಿ ಮತ್ತೆ ಸುಡುತ್ತದಲ್ಲ, ಆಗ ಪ್ರತಿಬಂಧಕ ಇದ್ದೇ ಇದೆ, ಅದರ ಅಭಾವ ಎಲ್ಲಿ ಬಂತು ಎಂದು ಕೇಳಿದರು. ನೈಯಾಯಿಕರು ತಮ್ಮ ಲಕ್ಷಣವನ್ನು ಬಿಗಿ ಮಾಡಿದರು: ಬರಿಯ ಮಣಿಯ ಅಭಾವವಲ್ಲ, ಉತ್ತೇಜಕವಿಲ್ಲದ ಮಣಿಯ ಅಭಾವ ಕಾರಣ. ಓದುವವರಿಗೆ ಇದು ಸಿಕ್ಕಿಬಿದ್ದಾಗ ಹೂಡಿದ ಜಾಣ್ಮೆಯಂತೆ ತೋರಬಹುದು. ಆದರೆ ಮಾಡ್‌ಪ್ರೋಬ್ ಬರೆದವರು ತಿಳಿಯದೆಯೇ ಇದೇ ವಿಶಿಷ್ಟಾಭಾವವನ್ನು ಪ್ರೋಗ್ರಾಮಿನಲ್ಲಿ ಇಟ್ಟಿದ್ದಾರೆ. ಬ್ಲ್ಯಾಕ್‌ಲಿಸ್ಟ್ ಸಾಲು ತಡೆಯುವುದು ಗುರುತಿನ ಮೂಲಕ ಬರುವ ಕರೆಯನ್ನು ಮಾತ್ರ. ಬಳಕೆದಾರ ಮಾಡ್ಯೂಲಿನ ಹೆಸರು ಹಿಡಿದು ನೇರವಾಗಿ ಆಜ್ಞಾಪಿಸಿದರೆ ಸಾಲು ಅಲ್ಲಿಯೇ ಇದ್ದೂ ಮಾಡ್ಯೂಲ್ ಲೋಡ್ ಆಗುತ್ತದೆ. ಬೇರೊಂದು ಮಾಡ್ಯೂಲ್ ಅದನ್ನು ಅವಲಂಬಿಸಿದ್ದರೂ ಆಗುತ್ತದೆ. ಹೆಸರು ಹಿಡಿದ ಕರೆ ಇಲ್ಲಿ ಉತ್ತೇಜಕ.

ಕೈಯಿಂದ ಲೋಡ್ ಮಾಡಿದರೆ ಬರುತ್ತದೆ, ತಾನಾಗಿ ಬರುವುದಿಲ್ಲ ಎಂಬ ಗೊಂದಲದ ದೂರಿಗೆ ಬಹುಮಟ್ಟಿಗೆ ಇದೇ ವಿವರಣೆ. ಸೂಕ್ಷ್ಮವೊಂದನ್ನು ಗಮನಿಸಬೇಕು: ಬೂಟ್ ಸಮಯದ ಪಟ್ಟಿಯಲ್ಲಿ ಬರೆದ ಹೆಸರು ನೇರ ಕರೆಯಂತೆ ಕಂಡರೂ ಉತ್ತೇಜಕವಲ್ಲ, ಏಕೆಂದರೆ ಆ ಪಟ್ಟಿಯನ್ನು ಓದುವ ಸಿಸ್ಟಮ್‌ಡಿ ಸೇವೆ ಬ್ಲ್ಯಾಕ್‌ಲಿಸ್ಟನ್ನು ಮಾನ್ಯಮಾಡುತ್ತದೆ. ಒಂದೇ ಮಾಡ್ಯೂಲಿನ ಹೆಸರನ್ನು ಎರಡೂ ಕಡೆ ಬರೆದಿಟ್ಟು ಬೆರಗಾದವರು ಕಡಿಮೆಯಿಲ್ಲ. ಇದಕ್ಕಿಂತ ಬಲವಾದ ಪ್ರತಿಬಂಧಕಗಳೂ ಇವೆ. ಇನ್‌ಸ್ಟಾಲ್ ಎಂಬ ನಿರ್ದೇಶನದಿಂದ ಮಾಡ್ಯೂಲಿನ ಬದಲು ಏನನ್ನೂ ಮಾಡದೆ ಸೋಲುವ ಒಂದು ಆಜ್ಞೆಯನ್ನು ಓಡಿಸುವಂತೆ ಮಾಡಿದರೆ ಹೆಸರು ಹಿಡಿದ ಮಾಡ್‌ಪ್ರೋಬ್ ಕರೆಯೂ ಸೋಲುತ್ತದೆ. ಕರ್ನಲ್ಲಿನ ಬೂಟ್ ಸಾಲಿನಲ್ಲಿಯೇ ನಿಷೇಧಿಸಿದರೆ ಕರ್ನಲ್ ಸ್ವತಃ ಬಾಗಿಲು ಹಾಕುತ್ತದೆ, ಅದಕ್ಕೆ ಉತ್ತೇಜಕವೇ ಇಲ್ಲ. ಇನ್ನು ಪ್ರತಿಬಂಧಕವನ್ನು ಅಳಿಸಿದ ಮೇಲೂ ಅದು ಇನ್ನೊಂದೆಡೆ ಬದುಕಿರಬಹುದು. ಬೂಟ್‌ನ ಮೊದಲ ಹಂತದಲ್ಲಿ ಬಳಕೆಯಾಗುವ ಇನಿಟ್‌ರ್ಯಾಮ್‌ಎಫ್‌ಎಸ್ ಎಂಬ ಪುಟ್ಟ ಕಡತವ್ಯವಸ್ಥೆಯೊಳಗೆ ಹಳೆಯ ಸಂಯೋಜನೆಯ ಪ್ರತಿಯಿದ್ದರೆ ಆ ಹಂತದಲ್ಲಿ ನಡೆಯುವುದು ಅದರ ಆಜ್ಞೆ. ಅದನ್ನು ಮತ್ತೆ ಕಟ್ಟಬೇಕು.

ಶಕ್ತಿವಾದಿಗಳಿಗೂ ಈ ಪ್ರಸಂಗದಲ್ಲಿ ಒಂದು ಆಸರೆ ಸಿಗುತ್ತದೆ. ಉಡುಪಿಯ ಮಧ್ವಾಚಾರ್ಯರ ದ್ವೈತ ಸಂಪ್ರದಾಯ ಶಕ್ತಿಯನ್ನು ಸ್ವತಂತ್ರ ಪದಾರ್ಥವೆಂದು ಒಪ್ಪಿ, ಅದರಲ್ಲಿ ಅಚಿಂತ್ಯ, ಆಧೇಯ, ಸಹಜ, ಪದ ಎಂದು ನಾಲ್ಕು ಬಗೆ ಹೇಳುತ್ತದೆ. ಆಧೇಯಶಕ್ತಿಯೆಂದರೆ ಹೊರಗಿನಿಂದ ವಿಧಿಪೂರ್ವಕವಾಗಿ ತುಂಬಿದ್ದು. ಪ್ರತಿಷ್ಠೆಯಾದ ವಿಗ್ರಹ ಇದರ ಪರಿಚಿತ ಉದಾಹರಣೆ. ಸಹಿಯಾದ ತಂತ್ರಾಂಶದಿಂದ ಮಾತ್ರ ಬೂಟ್ ಆಗುವ ಸೆಕ್ಯೂರ್ ಬೂಟ್ ವ್ಯವಸ್ಥೆಯಿರುವ ಯಂತ್ರಗಳಲ್ಲಿ ಹಲವು ಲಿನಕ್ಸ್ ವಿತರಣೆಗಳು ಕರ್ನಲ್ ನಂಬುವ ಕೀಲಿಯಿಂದ ಸಹಿಯಾಗಿರುವ ಮಾಡ್ಯೂಲುಗಳನ್ನು ಮಾತ್ರ ಒಳಗೆ ಬಿಡುತ್ತವೆ. ಒಂದೇ ಮೂಲದಿಂದ ಕಟ್ಟಿದ ಎರಡು ಮಾಡ್ಯೂಲುಗಳು, ಮಾಡಬಲ್ಲ ಕೆಲಸವೆಲ್ಲ ಒಂದೇ; ಸಹಿಯಾದದ್ದು ಒಳಗೆ ಹೋಗುತ್ತದೆ, ಆಗದಿದ್ದುದು ತಿರಸ್ಕಾರದ ಸಂದೇಶದೊಂದಿಗೆ ಹೊರಗುಳಿಯುತ್ತದೆ. ಇಲ್ಲಿ ಅಡ್ಡಿಯ ಸಾಲೊಂದನ್ನು ಹುಡುಕಿ ಅಳಿಸುವುದರಿಂದ ಪ್ರಯೋಜನವಿಲ್ಲ, ಏನನ್ನೋ ತುಂಬಬೇಕು. ನೈಯಾಯಿಕ ಇದಕ್ಕೂ ಉತ್ತರ ಹೇಳಬಲ್ಲ: ಸಹಿಯೆಂಬುದು ಕಡತದ ತುದಿಗೆ ಅಂಟಿಸಿದ, ಎಣಿಸಬಹುದಾದ ಬೈಟುಗಳು, ಅಗೋಚರವಾದದ್ದೇನೂ ಅಲ್ಲ; ಸಹಕಾರಿ ಕಾರಣವೆಂದರೆ ಸಾಕು. ಉತ್ತರ ಸರಿಯೇ. ಆದರೆ ಅದೇ ಬೈಟುಗಳು ಒಂದು ಯಂತ್ರದಲ್ಲಿ ಬಾಗಿಲು ತೆರೆಯುತ್ತವೆ, ಆ ಕೀಲಿಯನ್ನು ನೋಂದಾಯಿಸದ ಇನ್ನೊಂದು ಯಂತ್ರದಲ್ಲಿ ತೆರೆಯುವುದಿಲ್ಲ. ಸಾಮರ್ಥ್ಯ ಬೈಟುಗಳಲ್ಲಿದೆಯೋ, ಕರ್ನಲ್ಲಿಗೂ ಸಹಿ ಮಾಡಿದವನಿಗೂ ಇರುವ ನಂಬಿಕೆಯ ಸಂಬಂಧದಲ್ಲಿದೆಯೋ ಎಂಬ ಪ್ರಶ್ನೆ ಸಹಕಾರಿ ಎಂಬ ಒಂದು ಮಾತಿಗೆ ಪೂರ್ತಿ ಅಡಗುವುದಿಲ್ಲ. ದ್ವೈತಿಗಳ ವಾದಕ್ಕೆ ಇಲ್ಲಿ ಇನ್ನೂ ಜೀವವಿದೆ.

ಕಾರಣವನ್ನು ಊಹಿಸಿದ ಮೇಲೆ ಅದೇ ಕಾರಣವೆಂದು ಗೊತ್ತುಮಾಡುವುದು ಅನ್ವಯ ಮತ್ತು ವ್ಯತಿರೇಕಗಳಿಂದ: ಇದಿದ್ದರೆ ಅದಿದೆ, ಇದಿಲ್ಲದಿದ್ದರೆ ಅದಿಲ್ಲ. ಜಾನ್ ಸ್ಟುವರ್ಟ್ ಮಿಲ್ 1843ರಲ್ಲಿ ಪ್ರಕಟಿಸಿದ ತರ್ಕಗ್ರಂಥದಲ್ಲಿಯೂ ಇದಕ್ಕೆ ಹತ್ತಿರದ ವಿಧಾನಗಳಿವೆ. ನೈಯಾಯಿಕರ ವಿಶೇಷವೆಂದರೆ ಜೊತೆಗಿದ್ದೂ ಕಾರಣವಲ್ಲದವನ್ನು ಅನ್ಯಥಾಸಿದ್ಧವೆಂದು ಹೆಸರಿಟ್ಟು ಹೊರಹಾಕಿದ್ದು. ಮಡಕೆಗೆ ಮಣ್ಣು ಹೊತ್ತು ತಂದ ಕತ್ತೆ ಇದಕ್ಕೆ ಪ್ರಸಿದ್ಧ ನಿದರ್ಶನ. ಅದು ಆ ಮಡಕೆಗೆ ಮುಂಚೆ ಇದ್ದದ್ದು ಹೌದು, ಆದರೆ ಕತ್ತೆಯಿಲ್ಲದೆಯೂ ಮಡಕೆಯಾಗುತ್ತದೆ. ಕಂಪ್ಯೂಟರಿನ ರಿಪೇರಿಯಲ್ಲಿ ಕತ್ತೆಗಳ ಹಾವಳಿ ವಿಪರೀತ. ಒಂದೇ ಸಲಕ್ಕೆ ಬ್ಲ್ಯಾಕ್‌ಲಿಸ್ಟ್ ಅಳಿಸಿ, ಡೆಪ್‌ಮಾಡ್ ಓಡಿಸಿ, ಫರ್ಮ್‌ವೇರ್ ಹಾಕಿ, ಇನಿಟ್‌ರ್ಯಾಮ್‌ಎಫ್‌ಎಸ್ ಕಟ್ಟಿ, ಬಯಾಸ್‌ನಲ್ಲಿ ಏನನ್ನೋ ಬದಲಿಸಿದ ಮೇಲೆ ಮಾಡ್ಯೂಲ್ ಬಂದರೆ ಯಾವುದು ಮಣ್ಣು, ಯಾವುದು ಕತ್ತೆ ಎಂದು ಹೇಳಲಾಗದು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು ಎಂಬ ತಂತ್ರಜ್ಞರ ನಿಯಮ ವ್ಯತಿರೇಕವನ್ನು ಉಳಿಸಿಕೊಳ್ಳುವ ಉಪಾಯ.

ಹುಡುಕುವ ಕ್ರಮವೂ ಇದರಿಂದಲೇ ಹೊರಡುತ್ತದೆ. ಮೊದಲು ಕರ್ನಲ್ಲಿನ ಸಂದೇಶಗಳನ್ನು ಓದಬೇಕು. ತಿರಸ್ಕಾರದ ಮಾತು ಅಲ್ಲಿದ್ದರೆ ಮಾಡ್ಯೂಲ್ ಬಾಗಿಲವರೆಗೆ ಬಂದಿತ್ತೆಂದು ಅರ್ಥ. ಸಹಿ, ಆವೃತ್ತಿಯ ಮುದ್ರೆ, ಸಿಗದ ಸಂಕೇತಗಳು ಇವುಗಳಲ್ಲಿ ಒಂದು ಕಾರಣ. ಯಾವ ಮಾತೂ ಇಲ್ಲದಿದ್ದರೆ ಸಾಮಾನ್ಯವಾಗಿ ಕರೆಯೇ ತಲುಪಿರುವುದಿಲ್ಲ. ಆಗ ಹೆಸರು ಹಿಡಿದು ಲೋಡ್ ಮಾಡಿ ನೋಡಬೇಕು. ಬಂದರೆ ದೋಷ ಮಾಡ್ಯೂಲಿನಲ್ಲಿಲ್ಲ, ಕರೆಯುವ ದಾರಿಯಲ್ಲಿದೆ: ಗುರುತು ಪಟ್ಟಿಯಲ್ಲಿಲ್ಲ, ಇಲ್ಲವೇ ಬ್ಲ್ಯಾಕ್‌ಲಿಸ್ಟ್ ಇದೆ. ಸಾಧನ ಹೇಳುವ ಮಾಡ್‌ಅಲಿಯಾಸ್ ಸಾಲನ್ನು ಮಾಡ್‌ಪ್ರೋಬಿಗೆ ಕೊಟ್ಟು ಯಾವ ಮಾಡ್ಯೂಲಿಗೆ ಹೊಂದುತ್ತದೆಂದು ಕೇಳಿದರೆ ಈ ಎರಡನ್ನೂ ಬೇರ್ಪಡಿಸಬಹುದು.

ಕೊನೆಯ ಪ್ರಶ್ನೆ ಪ್ರಾಮಾಣ್ಯದ್ದು: ದೋಷ ಪರಿಹಾರವಾಯಿತೆಂಬ ಜ್ಞಾನ ನಿಜವೆಂದು ಹೇಗೆ ಗೊತ್ತಾಗುತ್ತದೆ? ಬಾಧಕ ಕಾಣುವವರೆಗೆ ಜ್ಞಾನ ತಾನಾಗಿಯೇ ಪ್ರಮಾಣವೆಂದರು ಮೀಮಾಂಸಕರು. ಇಲ್ಲ, ಆ ಜ್ಞಾನವನ್ನು ನಂಬಿ ಹೊರಟವನ ಪ್ರವೃತ್ತಿ ಸಫಲವಾದಾಗ ಅದರಿಂದ ಪ್ರಾಮಾಣ್ಯವನ್ನು ಅನುಮಾನಿಸಬೇಕು ಎಂದರು ನೈಯಾಯಿಕರು. ಕೈಯಿಂದ ಲೋಡ್ ಮಾಡಿದ ಮಾಡ್ಯೂಲ್ ಪಟ್ಟಿಯಲ್ಲಿ ಕಂಡಿತೆಂದು ಕೆಲಸ ಮುಗಿಸುವವರು ಮೊದಲ ಪಕ್ಷದವರು. ಆದರೆ ಹಾಗೆ ಕಂಡದ್ದರಿಂದ ಸಿದ್ಧವಾಗುವುದು ಲೋಡ್ ಆಗಬಲ್ಲದು ಎಂಬುದು ಮಾತ್ರ. ತಾನಾಗಿ ಆಗುತ್ತದೆ ಎಂಬುದಕ್ಕೆ ಯಂತ್ರವನ್ನು ನಿಲ್ಲಿಸಿ, ಯಾರೂ ಏನನ್ನೂ ಆಜ್ಞಾಪಿಸದೆ ಮತ್ತೆ ಬೂಟ್ ಆಗಲು ಬಿಟ್ಟು, ಆಮೇಲೆ ಪಟ್ಟಿಯನ್ನು ನೋಡಬೇಕು. ಇಲ್ಲಿಯೂ ಮಾಡ್ಯೂಲ್ ಬೇರೊಂದು ಮಾಡ್ಯೂಲಿನ ಅವಲಂಬನೆಯಾಗಿ ಬಂದಿರಬಹುದೆಂಬ ಸಂಶಯ ಉಳಿದರೆ, ಮಾಡಿದ ತಿದ್ದುಪಡಿಯನ್ನು ಹಿಂತೆಗೆದು ಇನ್ನೊಮ್ಮೆ ಬೂಟ್ ಮಾಡಿ ನೋಡುವುದೊಂದೇ ದಾರಿ. ಆಗ ಮಾಡ್ಯೂಲ್ ಬಾರದಿದ್ದರೆ ವ್ಯತಿರೇಕವೂ ಸಿದ್ಧವಾಗುತ್ತದೆ.